ಜಗಳ ಬಿಡಿಸುವುದನ್ನು ಪಾಠ ಮಾಡಲಾದೀತೇ?

ಮಾನ್ಯರೇ,

ಸಂಘರ್ಷ ನಿರ್ವಹಣೆ ಮತ್ತು ಮಧ್ಯಸ್ಥಿಕೆಯ ಬೋಧನೆಯನ್ನೇ ವೃತ್ತಿಯಾಗಿ ಹಿಡಿಯಲು ನಿಮ್ಮ ಮಗಳು ಹೊರಟಿದ್ದಾಳೆಂದೂ, ‘ಹಿರಿಯರು ಅನುಭವದ ಬಲದಿಂದ ಮಾಡುತ್ತ ಬಂದ ಕೆಲಸಕ್ಕೆ ಪ್ರಾಧ್ಯಾಪಕರೇಕೆ?’ ಎಂಬ ಸಂದೇಹ ನಿಮ್ಮನ್ನು ಕಾಡುತ್ತಿದೆಯೆಂದೂ ಬರೆದಿದ್ದೀರಿ. ಈ ವಿದ್ಯೆಯೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಬೌಲ್ಡಿಂಗ್ ಮತ್ತು ಸಂಗಡಿಗರು ಸಂಘರ್ಷ ಪರಿಹಾರಕ್ಕೆಂದೇ ಮೀಸಲಾದ ಸಂಶೋಧನಾ ಪತ್ರಿಕೆಯನ್ನು 1957ರಲ್ಲೇ ಆರಂಭಿಸಿದ್ದರು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯ 1973ರಲ್ಲಿ ಶಾಂತಿ ಅಧ್ಯಯನ ವಿಭಾಗವನ್ನು ತೆರೆದಾಗ ಅದರ ಮೊದಲ ಪ್ರಾಧ್ಯಾಪಕರಾದ ಆಡಂ ಕರ್ಲ್, ನೈಜೀರಿಯಾದ ಅಂತರ್ಯುದ್ಧದ ಕಾಲದಲ್ಲಿ ಎರಡೂ ಪಕ್ಷಗಳ ನಡುವೆ ಸಂಧಾನಕ್ಕಾಗಿ ಓಡಾಡಿದ್ದವರು.

ನಿಮ್ಮ ಸಂದೇಹದ ತಿರುಳಿಗೆ ಬರುತ್ತೇನೆ. ಹಿರಿಯರು ಸಾಮಾನ್ಯವಾಗಿ ಮಾಡುವುದು ನ್ಯಾಯ ಹೇಳುವ ಕೆಲಸ. ಮಧ್ಯಸ್ಥನಾದವನು ತೀರ್ಪು ಕೊಡುವಂತಿಲ್ಲ, ಒಪ್ಪಂದವನ್ನು ಕಕ್ಷಿದಾರರೇ ಕಂಡುಕೊಳ್ಳಬೇಕು. ಈ ಸಂಯಮ ಬುದ್ಧಿವಂತರಿಗೇ ಹೆಚ್ಚು ಕಷ್ಟವೆಂಬುದು ತರಗತಿಯ ಒಂದು ಅಣಕು ಕಲಾಪವನ್ನು ನೋಡಿದರೆ ತಿಳಿಯುತ್ತದೆ. ಮನೆಯೊಂದಕ್ಕಾಗಿ ಅಣ್ಣ ತಂಗಿಯರ ವ್ಯಾಜ್ಯ ಎಂದಿಟ್ಟುಕೊಳ್ಳಿ. ಇಬ್ಬರ ಪಾತ್ರ ವಹಿಸಿದ ವಿದ್ಯಾರ್ಥಿಗಳಿಗೂ ಎದುರಾಳಿಗೆ ಕಾಣದ ಒಂದೊಂದು ಹಾಳೆ ಕೊಟ್ಟಿರುತ್ತದೆ: ಅಣ್ಣನ ಹಾಳೆಯಲ್ಲಿ ಸಾಲದ ಗಡುವು, ತಂಗಿಯದರಲ್ಲಿ ಆ ಮನೆಯನ್ನು ಬಿಟ್ಟು ಬರಲೊಲ್ಲದ ತಾಯಿ. ಮಧ್ಯಸ್ಥನಾಗಿ ಕುಳಿತ ವಿದ್ಯಾರ್ಥಿ ಮಾತು ಆರಂಭವಾಗುತ್ತಲೇ ‘ಮಾರಿ ಸಮಪಾಲು ಮಾಡಿಕೊಳ್ಳಿ’ ಎಂದುಬಿಡುತ್ತಾನೆ. ಅಧ್ಯಾಪಕರು ಕಲಾಪವನ್ನು ಅಲ್ಲಿಯೇ ನಿಲ್ಲಿಸಿ, ಮನೆ ಏಕೆ ಬೇಕೆಂದು ಇಬ್ಬರನ್ನೂ ಕೇಳಿಸುತ್ತಾರೆ. ಅಣ್ಣನಿಗೆ ಬೇಕಾದದ್ದು ಹಣ, ಮನೆಯಲ್ಲ ಎಂಬುದು ಹೊರಬಿದ್ದ ಮೇಲೆ ಮಾತಿನ ದಿಕ್ಕೇ ಬದಲಾಗುತ್ತದೆ. ಕೇಳಿದ ಬೇಡಿಕೆಯ ಹಿಂದೆ ಕೇಳದ ಅಗತ್ಯವೊಂದು ಇರುತ್ತದೆಂಬುದನ್ನು 1920ರ ದಶಕದಲ್ಲೇ ವಿವರಿಸಿದ ಅಮೆರಿಕದ ಸಮಾಜಸೇವಕಿ, ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ಅವರು ಪ್ರಾಧ್ಯಾಪಕರಾಗಿರಲಿಲ್ಲ ಎಂಬುದನ್ನು ನಿಮ್ಮ ಪಕ್ಷದ ವಾದವಾಗಿ ನಾನೇ ಒದಗಿಸುತ್ತೇನೆ.

ವೃತ್ತಿಯ ತೊಡಕುಗಳು ಬೇರೆ ಕಡೆ ಇವೆ. ಈ ವಿಷಯಕ್ಕೆ ಸ್ವಂತ ಮನೆಯಿರುವುದು ಅಪರೂಪ. ಕಾನೂನು, ನಿರ್ವಹಣಾಶಾಸ್ತ್ರ, ಮನೋವಿಜ್ಞಾನ ಇವುಗಳಲ್ಲೊಂದರ ಆಶ್ರಯದಲ್ಲಿ ಅದು ಬಾಳುವುದರಿಂದ, ಬಡ್ತಿಯ ಹೊತ್ತಿಗೆ ‘ಇವರು ಯಾರವರು?’ ಎಂಬ ಪ್ರಶ್ನೆ ಏಳುವುದುಂಟು. ಅದಕ್ಕಿಂತ ದೊಡ್ಡದು ಗೋಪ್ಯತೆಯ ಕಟ್ಟುಪಾಡು. ಮಧ್ಯಸ್ಥಿಕೆಯ ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲವಾದ್ದರಿಂದ, ತನಗೆ ಅತ್ಯಂತ ಚೆನ್ನಾಗಿ ಗೊತ್ತಿರುವ ಸಂಗತಿಯನ್ನೇ ಅಧ್ಯಾಪಕ ಪ್ರಬಂಧವಾಗಿ ಬರೆಯಲಾರ. ವಿಶ್ವವಿದ್ಯಾಲಯವೋ ಅವನ ಯೋಗ್ಯತೆಯನ್ನು ಪ್ರಬಂಧಗಳಿಂದಲೇ ಅಳೆಯುತ್ತದೆ. ಹೀಗಾಗಿ ಅನೇಕರು ನಿಜವಾದ ವ್ಯಾಜ್ಯಗಳಿಂದ ದೂರ ಸರಿದು ಪ್ರಶ್ನಾವಳಿ, ಪ್ರಯೋಗಗಳಿಗೆ ಮೊರೆಹೋಗುತ್ತಾರೆ. ಅದರಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಅಷ್ಟನ್ನೇ ಬಲ್ಲವರ ಪಾಠ ಸಪ್ಪೆಯೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮಗಳನ್ನು ತಡೆಯಬೇಡಿ. ಪಿಎಚ್.ಡಿ.ಗೆ ಸೇರುವ ಮುನ್ನ ಮಧ್ಯಸ್ಥರ ತರಬೇತಿ ಪಡೆದು, ಅನುಭವಿಗಳ ಪಕ್ಕದಲ್ಲಿ ಸಹಾಯಕಿಯಾಗಿ ಕೆಲಕಾಲ ಕುಳಿತುಕೊಳ್ಳಲು ಹೇಳಿ. ಮಾರ್ಗದರ್ಶಕರನ್ನು ಆರಿಸುವಾಗ, ಅವರು ಈಗಲೂ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ವಹಿಸುತ್ತಾರೆಯೇ ಎಂದು ಆಕೆ ನೇರವಾಗಿಯೇ ವಿಚಾರಿಸಲಿ.

— ಸಂಪಾದಕ