ಮಳೆ ರಜೆಯ ಮೇಲೆ ಪ್ರವಾಸವೂ ಬೇಕೇ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಮಳೆಗಾಲದ ರಜೆಗಳಿಂದ ಗಣಿತದ ಪಾಠಗಳು ಹಿಂದೆ ಬಿದ್ದಿವೆ. ಈಗ ಪ್ರತಿಭಾ ಕಾರಂಜಿಯ ಅಭ್ಯಾಸ, ಡಿಸೆಂಬರಿನಲ್ಲಿ ಮೂರು ದಿನಗಳ ಪ್ರವಾಸ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾಕಿ, ಆದರೆ ಎಲ್ಲಿಗೆ, ಏತಕ್ಕೆ ಎಂದು ಮುಖ್ಯೋಪಾಧ್ಯಾಯರನ್ನು ಮೊದಲು ಕೇಳಿ. ಕದಂಬರ ಪಾಠ ಓದಿದ ಮಕ್ಕಳು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದಿನ ಶಾಸನಕಂಬದ ಮೇಲೆ ಪುಟ್ಟ ಪೆಟ್ಟಿಗೆಯಂಥ ತಲೆಕಟ್ಟಿನ ಅಕ್ಷರಗಳನ್ನು ಕಣ್ಣಾರೆ ಕಂಡು, ಪಕ್ಕದ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನೂ ನೋಡಿ ಸಂಜೆಗೆ ಮರಳಿದರೆ, ಖರ್ಚಾಗುವುದು ಒಂದೇ ದಿನ. ದೂರದ ಊರುಗಳನ್ನು ಸುತ್ತುವ, ಬಸ್ಸಿನಲ್ಲಿ ಹಾಡಿ ಕುಣಿಯುವ ಪ್ರವಾಸವೂ ಆ ವಯಸ್ಸಿಗೆ ಬೇಕು (ನಾನಂತೂ ಬೇಡವೆನ್ನಲಾರೆ). ಅದನ್ನು ಕಲಿಕೆಯ ಲೆಕ್ಕಕ್ಕೆ ಬರೆಯುವುದು ಮಾತ್ರ ಸರಿಯಲ್ಲ.

ನಿಮ್ಮ ನಿಜವಾದ ಕೊರತೆ ಗಣಿತದ್ದು. ಮಳೆಗೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನದ ತರಗತಿಗಳಲ್ಲಿ ಸರಿದೂಗಿಸುವುದು ನಮ್ಮ ಮಲೆನಾಡಿನ ಶಾಲೆಗಳ ರೂಢಿ. ಆ ಹೊತ್ತನ್ನೇ ಕಾರಂಜಿಯ ಅಭ್ಯಾಸ ನುಂಗುತ್ತಿದ್ದರೆ ತಕರಾರು ಎತ್ತಬೇಕಾದದ್ದು ಅಲ್ಲಿ. ಅಭ್ಯಾಸವನ್ನು ದಿನದ ಕೊನೆಯ ಅವಧಿಗೆ ಸರಿಸುವಂತೆ ಪೋಷಕರ ಸಭೆಯಲ್ಲಿ ಕೇಳಿ; ಕೊನೆಯ ಬಸ್ಸು ಹಿಡಿಯಬೇಕಾದ ಮಕ್ಕಳಿಗೂ ಅದರಿಂದ ತೊಂದರೆಯಾಗದು.