ಮನೆಯಲ್ಲಿ ಎರಡು ಡಿಬಿ ಇದ್ದರೆ ಪವರ್‌ಲೈನ್ ಸ್ವಿಚ್ ಕೆಲಸ ಮಾಡುತ್ತಾ?

ಹುಬ್ಬಳ್ಳಿಯಲ್ಲಿ ನಿಮ್ಮದು ಎರಡು ಮಹಡಿಯ ಮನೆ, ಕೆಳಗೊಂದು ಡಿಬಿ (ಕರೆಂಟ್ ಹಂಚುವ ಬೋರ್ಡ್), ಮೇಲೊಂದು ಡಿಬಿ ಅಂತ ಬರೆದಿದ್ದೀರಿ. ಗೋಡೆ ಒಡೆಯದೆ, ಇರುವ ಕರೆಂಟ್ ವೈರಲ್ಲೇ ಸಿಗ್ನಲ್ ಕಳಿಸುವ ಪವರ್‌ಲೈನ್ ಸ್ವಿಚ್‌ನಿಂದ ಮೇಲಿನಿಂದಲೇ ಸಂಪಿನ ಮೋಟರ್, ಗೇಟಿನ ಲೈಟ್ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಡಿಬಿ ಎಷ್ಟು ಅನ್ನೋದು ಮುಖ್ಯವಲ್ಲ. ಎರಡೂ ಒಂದೇ ಮೀಟರ್‌ನಿಂದ ಬಂದಿವೆಯಾ, ಒಂದೇ ಫೇಸ್‌ನಲ್ಲಿ (ತ್ರೀ ಫೇಸ್ ಇದ್ದರೆ ಮೀಟರ್‌ಗೆ ಬರುವ ಮೂರು ಕರೆಂಟ್ ಲೈನ್‌ಗಳಲ್ಲಿ ಒಂದೇ ಲೈನಿನಲ್ಲಿ) ಇವೆಯಾ, ಅದನ್ನು ಮೊದಲು ನೋಡಿ.

ಧಾರವಾಡದ ನಮ್ಮ ಮನೆಯಲ್ಲಿ ಇದು ತಿಳಿಯೋಕೆ ನನಗೆ ಮೂರು ವಾರ ಹಿಡಿಯಿತು. ಕೆಳಗಿನ ಮನೆ ಅಪ್ಪ ಕಟ್ಟಿಸಿದ್ದು, ಮೇಲಿನದು ಆಮೇಲೆ ಎತ್ತಿದ್ದು. ತ್ರೀ ಫೇಸ್ ಮೀಟರ್ ಒಂದೇ, ಡಿಬಿ ಎರಡು. ಇಂಥದ್ದೇ ಸ್ವಿಚ್ ತಂದು, ಅದನ್ನೂ ಅದರ ರಿಮೋಟ್ ಬಾಕ್ಸನ್ನೂ ಒಂದೇ ರೂಮಿನಲ್ಲಿಟ್ಟು ನೋಡಿದಾಗ ಎಲ್ಲ ಸರಿ ಇತ್ತು. ಸಿಗ್ನಲ್ ಕಳಿಸುವ ಆ ರಿಮೋಟ್ ಬಾಕ್ಸನ್ನು ಮೇಲಿನ ಪ್ಲಗ್‌ಗೆ ಹಾಕಿದರೆ ಕೆಳಗೆ ಏನೂ ಆಗುತ್ತಿರಲಿಲ್ಲ. ಸಾಮಾನೇ ಕೆಟ್ಟಿದೆ ಅಂತ ವಾಪಸ್ ಕಳಿಸೋಕೆ ಕಟ್ಟಿಟ್ಟಿದ್ದೆ. ನಮ್ಮ ಎಲೆಕ್ಟ್ರಿಷಿಯನ್ ಮೇನ್ ಬೋರ್ಡ್ ತೆಗೆದು, ಎರಡೂ ಡಿಬಿಗೆ ಹೋಗುವ ಫೇಸ್ ವೈರ್‌ಗಳ ನಡುವೆ ವೋಲ್ಟೇಜ್ ನೋಡಿದರು. 400ರ ಹತ್ತಿರ ತೋರಿಸಿತು. ‘ಫೇಸ್ ಬ್ಯಾರೆ ಬ್ಯಾರೆ ಅದಾವ್ರಿ ಸರ್’ ಅಂದರು. ಒಂದೇ ಫೇಸ್ ಆಗಿದ್ದರೆ ಸೊನ್ನೆಯ ಆಸುಪಾಸು ಇರುತ್ತಿತ್ತು. ಈ ಪರೀಕ್ಷೆ ದಯವಿಟ್ಟು ನೀವೇ ಮಾಡಬೇಡಿ.

ಫೇಸ್ ಬೇರೆಯಾದರೆ ಯಾಕೆ ನಡೆಯಲ್ಲ ಅಂದರೆ, ಇಂಥ ಸ್ವಿಚ್‌ಗಳಿಗಾಗಿ 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಎಕ್ಸ್‌10 ಪದ್ಧತಿ 120 ಕಿಲೋಹರ್ಟ್ಸ್‌ನ ಸಿಗ್ನಲ್ ಬಳಸುತ್ತದೆ. ಎಸಿ ಕರೆಂಟ್ ಸೊನ್ನೆ ದಾಟುವ ಗಳಿಗೆಯಲ್ಲೇ ಅದನ್ನು ಕಳಿಸುತ್ತದೆ. ಫೇಸ್ ಬೇರೆಯಾದರೆ ಆ ಸಿಗ್ನಲ್ ಮೀಟರ್ ದಾಟಿ, ಬೀದಿಯ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಬರಬೇಕು. ಅಷ್ಟರಲ್ಲಿ ಸೋತು ಹೋಗುತ್ತದೆ. ಇಂಟರ್‌ನೆಟ್ ಒಯ್ಯುವ ಪವರ್‌ಲೈನ್ ಅಡಾಪ್ಟರ್‌ಗಳು ಸುಮಾರು 2 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಓಡುತ್ತವೆ. ಅಕ್ಕಪಕ್ಕದ ವೈರಿಗೆ ಅವು ಸ್ವಲ್ಪ ಜಿಗಿಯುತ್ತವೆ, ಹಾಗಾಗಿ ಫೇಸ್ ಬೇರೆ ಇದ್ದರೂ ಕೆಲವು ಸಲ ನಡೆಯುತ್ತವೆ. ವೇಗ ಮಾತ್ರ ಕಡಿಮೆ.

ಇದಕ್ಕೆ ಫೇಸ್ ಕಪ್ಲರ್ ಅಂತ ಬರುತ್ತದೆ. 50 ಹರ್ಟ್ಸ್ ಕರೆಂಟನ್ನು ತಡೆದು ಸಿಗ್ನಲ್ಲನ್ನು ಮಾತ್ರ ದಾಟಿಸುವ ಕೆಪಾಸಿಟರ್ ಅದರೊಳಗಿರುತ್ತದೆ. ಮೇನ್ ಬೋರ್ಡ್‌ನಲ್ಲಿ, ತನ್ನದೇ ಎಂಸಿಬಿಯ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಜೊತೆ, ಲೈಸೆನ್ಸ್ ಇರುವವರೇ ಕೂರಿಸಬೇಕು. ನಮ್ಮಲ್ಲಿ ಅದಿಲ್ಲದೆಯೇ ಬಗೆಹರಿಯಿತು. ಮೋಟರ್ ಮತ್ತು ಗೇಟ್ ಲೈಟಿನ ಲೈನನ್ನು ಮೇಲಿನ ಫೇಸ್‌ಗೇ ಬದಲಿಸಿದರು. ಮೋಟರಿನ ಪೂರ್ತಿ ಕರೆಂಟ್ ಈ ಪುಟ್ಟ ಸ್ವಿಚ್‌ನಲ್ಲಿ ಹರಿಯಬಾರದು. ನಡುವೆ ಕಾಂಟ್ಯಾಕ್ಟರ್, ಅಂದರೆ ಪುಟ್ಟ ಸ್ವಿಚ್‌ನ ಮಾತು ಕೇಳಿ ದೊಡ್ಡ ಕರೆಂಟನ್ನು ತಾನು ಹೊರುವ ಸ್ವಿಚ್, ಹಾಕಿಸಿ.

ಅದಾದ ಮೇಲೂ ಒಂದು ತೊಂದರೆ ಉಳಿಯಿತು. ಸಂಜೆ ಮಾತ್ರ ಸ್ವಿಚ್ ಕೇಳುತ್ತಿರಲಿಲ್ಲ. ಒಂದೊಂದೇ ಪ್ಲಗ್ ಕಿತ್ತು ನೋಡಿದೆ. ಟಿವಿಯ ಸ್ಪೈಕ್ ಬೋರ್ಡ್ ಸಿಗ್ನಲ್ಲನ್ನು ನುಂಗುತ್ತಿತ್ತು. ಎಲ್‌ಇಡಿ ಡ್ರೈವರ್, ಅಗ್ಗದ ಚಾರ್ಜರ್ ಕೂಡ ಹೀಗೇ ಕಾಟ ಕೊಡುತ್ತವೆ. ಇನ್ವರ್ಟರ್ ಲೈನಿಗೂ ಇದನ್ನು ನಂಬಬೇಡಿ. ಕರೆಂಟ್ ಹೋದ ಕೂಡಲೇ ಆ ಲೈನ್ ಉಳಿದ ಮನೆಯಿಂದ ಬೇರೆಯಾಗುತ್ತದೆ.

ಈಗ ನಿಮ್ಮ ಹೆಸ್ಕಾಂ ಬಿಲ್ ನೋಡಿ. ಮೇಲಕ್ಕೂ ಕೆಳಕ್ಕೂ ಆರ್‌ಆರ್ ನಂಬರ್ ಬೇರೆ ಇದ್ದರೆ ಮೀಟರೂ ಬೇರೆ. ಎರಡು ಮೀಟರ್ ನಡುವೆ ಕಪ್ಲರ್ ಹಾಕುವ ಯೋಚನೆ ಬೇಡ. ಟಿವಿ ಕೇಬಲ್ಲಿನ ಪೈಪ್ ಇದ್ದರೆ ಅದರಲ್ಲೇ ಒಂದು ಲ್ಯಾನ್ ಕೇಬಲ್ ಎಳೆಸಿ, ಕೆಳಗೊಂದು ವೈಫೈ ಪಾಯಿಂಟ್ ಇಟ್ಟು ವೈಫೈ ಸ್ವಿಚ್ ಹಾಕಿಸಿ.