ಸಣ್ಣ ತುಂಡಿನ ಫಟೀಗ್ ಫಲಿತಾಂಶ ದೊಡ್ಡ ಭಾಗಕ್ಕೆ ಸಲ್ಲುತ್ತದೆಯೇ?

ಪ್ರಶ್ನೆ: ಟೈಟಾನಿಯಂ ಮಿಶ್ರಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟುವ ತ್ರೀಡಿ ಮುದ್ರಣದಲ್ಲಿ ನಾವು ಬ್ರಾಕೆಟ್‌ಗಳನ್ನು ತಯಾರಿಸುತ್ತೇವೆ. ಫಟೀಗ್ ಪರೀಕ್ಷೆಗೆ 6 ಮಿ.ಮೀ. ವ್ಯಾಸದ ತುಂಡುಗಳ ಬದಲು 2 ಮಿ.ಮೀ. ತುಂಡುಗಳನ್ನು ಮುದ್ರಿಸಿದರೆ ಪುಡಿಯೂ ಖರ್ಚೂ ಉಳಿಯುತ್ತವೆ. ಆ ಫಲಿತಾಂಶವನ್ನು ನಂಬಬಹುದೇ?
– ಓದುಗರೊಬ್ಬರು, ಪೀಣ್ಯ, ಬೆಂಗಳೂರು

ಉತ್ತರ: ನಂಬಬಹುದು, ಆದರೆ ಸಣ್ಣ ತುಂಡಿನಿಂದ ಬಂದ ಅಂಕಿಯನ್ನು ಹಾಗೆಯೇ ಬ್ರಾಕೆಟ್‌ನ ವಿನ್ಯಾಸಕ್ಕೆ ಹಾಕಬಾರದು.

ಒಮ್ಮೆ ಹೇರಿದಾಗ ಲೋಹ ಸುಲಭವಾಗಿ ತಾಳುವ ಹೊರೆಯೇ ಲಕ್ಷಾಂತರ ಬಾರಿ ಮರುಕಳಿಸಿದಾಗ ಅದನ್ನು ಮುರಿಯುತ್ತದೆ; ಲೋಹದ ಈ ದಣಿವೇ ಫಟೀಗ್. ಮುದ್ರಿತ ಲೋಹದಲ್ಲಿ ಆ ಬಿರುಕು ಸಾಮಾನ್ಯವಾಗಿ ಸರಿಯಾಗಿ ಕರಗದೆ ಉಳಿದ ಸಂದಿನಿಂದಲೋ, ಅನಿಲದ ಗುಳ್ಳೆಯಿಂದಲೋ, ಅರೆಕರಗಿದ ಪುಡಿ ಅಂಟಿಕೊಂಡ ಒರಟು ಮೇಲ್ಮೈಯಿಂದಲೋ ಹೊರಡುತ್ತದೆ. ಆದ್ದರಿಂದ ಆಯುಷ್ಯವನ್ನು ನಿರ್ಧರಿಸುವುದು ದೋಷಗಳ ಸರಾಸರಿಯಲ್ಲ, ಅವುಗಳಲ್ಲಿ ಅತಿ ದೊಡ್ಡದು. ಜಪಾನಿನ ಸಂಶೋಧಕ ಮುರಕಾಮಿಯವರ ಪ್ರಸಿದ್ಧ ಸೂತ್ರದ ಪ್ರಕಾರ ದೋಷದ ಗಾತ್ರ, ಅಂದರೆ ಅದರ ವಿಸ್ತೀರ್ಣದ ವರ್ಗಮೂಲ, 4 ಪಟ್ಟಾದರೆ ಫಟೀಗ್ ಮಿತಿ, ಅಂದರೆ ಮತ್ತೆ ಮತ್ತೆ ಹೇರಿದರೂ ಲೋಹ ಮುರಿಯದೆ ತಾಳುವ ಹೊರೆಯ ಮಟ್ಟ, ಸುಮಾರು ಶೇ. 20ರಷ್ಟು ಇಳಿಯುತ್ತದೆ.

ಈಗ ನಿಮ್ಮ ತುಂಡುಗಳನ್ನೇ ಲೆಕ್ಕ ಹಾಕೋಣ. ಪರೀಕ್ಷಾ ಭಾಗದ ಉದ್ದ ವ್ಯಾಸದ 3 ಪಟ್ಟು ಎಂದಿಟ್ಟುಕೊಂಡರೆ 6 ಮಿ.ಮೀ. ತುಂಡಿನ ಗಾತ್ರ ಸುಮಾರು 509 ಘನ ಮಿ.ಮೀ., 2 ಮಿ.ಮೀ. ತುಂಡಿನದು ಸುಮಾರು 19. ಅಂದರೆ 27 ಸಣ್ಣ ತುಂಡುಗಳು ಸೇರಿದರೆ ಒಂದು ದೊಡ್ಡ ತುಂಡು. ದೊಡ್ಡ ದೋಷವೊಂದು ಸಣ್ಣ ತುಂಡಿನೊಳಗೆ ಸಿಕ್ಕಿಬೀಳುವ ಸಂಭವವೂ ಅಷ್ಟೇ ಕಡಿಮೆಯಾದ್ದರಿಂದ, ಮೇಲ್ಮೈಯನ್ನು ಲೇತ್‌ನಲ್ಲಿ ತಿರುಗಿಸಿ ನಯಗೊಳಿಸಿದ ಸಣ್ಣ ತುಂಡು ದೊಡ್ಡದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ, ಮತ್ತು ಆ ಹೆಚ್ಚುವರಿ ಬಲ ಬ್ರಾಕೆಟ್‌ನಲ್ಲಿ ಇರುವುದಿಲ್ಲ. ಹತ್ತಾರು ಸಣ್ಣ ತುಂಡುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಅತ್ಯಂತ ದುರ್ಬಲವಾದವುಗಳ ಕಡೆಗೆ ಗಮನ ಕೊಡಬೇಕಾಗಿರುವುದು ಈ ಕಾರಣಕ್ಕಾಗಿಯೇ.

ಮೇಲ್ಮೈಯನ್ನು ಮುದ್ರಿಸಿದಂತೆಯೇ ಬಿಟ್ಟರೆ ತಪ್ಪು ಎದುರು ದಿಕ್ಕಿಗೆ ವಾಲುತ್ತದೆ; ಇದನ್ನು ಅನೇಕರು ಗಮನಿಸುವುದೇ ಇಲ್ಲ. ಹೊರಗಿನ 0.1 ಮಿ.ಮೀ. ಪದರ ಹೊರೆ ಹೊರುವುದಿಲ್ಲ ಎಂದಾದರೆ 6 ಮಿ.ಮೀ. ತುಂಡು ತನ್ನ ಅಡ್ಡಕೊಯ್ತದಲ್ಲಿ ಸುಮಾರು ಶೇ. 7ರಷ್ಟನ್ನು ಕಳೆದುಕೊಂಡರೆ 2 ಮಿ.ಮೀ. ತುಂಡು ಶೇ. 19ರಷ್ಟನ್ನು ಕಳೆದುಕೊಳ್ಳುತ್ತದೆ. ಕ್ಯಾಲಿಪರ್‌ನಲ್ಲಿ ಅಳೆದ ವ್ಯಾಸವನ್ನೇ ಲೆಕ್ಕಕ್ಕೆ ಹಿಡಿದರೆ ಒಳ್ಳೆಯ ಲೋಹವೂ ಕಳಪೆಯಾಗಿ ತೋರುತ್ತದೆ.

ಕಟ್ಟುವ ದಿಕ್ಕೂ ಮುಖ್ಯ. ಕರಗದ ಸಂದುಗಳು ಪದರಗಳ ನಡುವೆ ಚಪ್ಪಟೆಯಾಗಿ ಮಲಗಿರುವುದರಿಂದ, ನೇರವಾಗಿ ನಿಲ್ಲಿಸಿ ಮುದ್ರಿಸಿದ ತುಂಡನ್ನು ಎಳೆದಾಗ ಅವು ಬಾಯಿ ತೆರೆಯುತ್ತವೆ. ಸಣ್ಣ ತುಂಡುಗಳ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿಯೇ: ಬ್ರಾಕೆಟ್‌ನ ಪಕ್ಕದಲ್ಲಿ, ಮುದ್ರಣ ನಡೆಯುವ ಅದೇ ತಟ್ಟೆಯ ಮೇಲೆ, ಹಲವು ದಿಕ್ಕುಗಳಲ್ಲಿ ಅವುಗಳನ್ನು ಕಡಿಮೆ ಖರ್ಚಿನಲ್ಲಿ ಕಟ್ಟಬಹುದು. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣ ತುಂಡುಗಳನ್ನು ಬಾಗಿಸಿ ಪರೀಕ್ಷಿಸುವ ವಿಧಾನವನ್ನು ಇಂಥ ದಿಕ್ಕುಗಳ ಹೋಲಿಕೆಗೇ ಬಳಸಿದ್ದಾರೆ. ತುಂಡು ಸಣ್ಣದಾದಷ್ಟೂ ಎಕ್ಸ್‌-ರೇ ಸಿಟಿ ಸ್ಕ್ಯಾನ್‌ನಲ್ಲಿ ಸೂಕ್ಷ್ಮ ರಂಧ್ರಗಳೂ ಸ್ಪಷ್ಟವಾಗಿ ಕಾಣುತ್ತವೆ ಎಂಬುದು ಇನ್ನೊಂದು ಲಾಭ.

ಸಮಯ ಮಾತ್ರ ತಾನಾಗಿ ಉಳಿಯುವುದಿಲ್ಲ. ಸೆಕೆಂಡಿಗೆ 50 ಆವರ್ತನಗಳ (ಹೊರೆ ಹೇರಿ ಇಳಿಸುವ ಸುತ್ತುಗಳ) ವೇಗದಲ್ಲಿ 1 ಕೋಟಿ ಆವರ್ತನಗಳಿಗೆ ಯಾವ ತುಂಡಾದರೂ ಸುಮಾರು 56 ಗಂಟೆ ಬೇಕು.

ಹೀಗಾಗಿ ಪುಡಿಯ ಬೇರೆ ಬೇರೆ ಬ್ಯಾಚ್‌ಗಳನ್ನು, ಲೇಸರ್‌ನ ಹೊಂದಾಣಿಕೆಗಳನ್ನು, ಶಾಖ ಸಂಸ್ಕರಣೆಗಳನ್ನು ಒಂದರೊಡನೊಂದು ಹೋಲಿಸಲು 2 ಮಿ.ಮೀ. ತುಂಡುಗಳನ್ನು ಧೈರ್ಯವಾಗಿ ಬಳಸಿ. ವಿನ್ಯಾಸಕ್ಕೆ ಬೇಕಾದ ಅಂಕಿಗಾಗಿ ಅದೇ ತಟ್ಟೆಯಿಂದ ಕೆಲವು 6 ಮಿ.ಮೀ. ತುಂಡುಗಳನ್ನೂ ಮುರಿದು, ಎರಡೂ ಗಾತ್ರಗಳ ಮುರಿದ ಮುಖಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಬಿರುಕು ಒಂದರಲ್ಲಿ ಮೇಲ್ಮೈಯಿಂದಲೂ ಇನ್ನೊಂದರಲ್ಲಿ ಒಳಗಿನ ರಂಧ್ರದಿಂದಲೂ ಹೊರಟಿದ್ದರೆ ಆ ಎರಡು ಅಂಕಿಗಳನ್ನು ಒಂದೇ ಗ್ರಾಫಿನಲ್ಲಿ ಬೆರೆಸಬೇಡಿ.